ನಕಲು ಮಾಡಿದವನ ಹಕ್ಕು

ಯುವಕರು ಆಗಾಗ ಕೇಳುವ ಒಂದು ಪ್ರಶ್ನೆಯಿದೆ. ಒಬ್ಬನ ಕೊಡೆಯನ್ನು ನಾನು ಕದ್ದರೆ ಅವನು ಮಳೆಯಲ್ಲಿ ನೆನೆಯುತ್ತಾನೆ. ಆದರೆ ಅವನ ಹಾಡನ್ನೋ ಸಿನಿಮಾವನ್ನೋ ಪುಸ್ತಕವನ್ನೋ ನಕಲು ಮಾಡಿಕೊಂಡರೆ ಅವನದು ಅವನ ಬಳಿಯೇ ಇರುತ್ತದೆ, ನನಗೂ ಒಂದು ಸಿಗುತ್ತದೆ. ಹಾಗಿರುವಾಗ ಇದು ಕಳ್ಳತನ ಹೇಗಾಗುತ್ತದೆ?

ಕೊಡಗಿನ ಮಳೆ ಕಂಡವರಿಗೆ ಕೊಡೆಯ ಉದಾಹರಣೆ ಬೇಗ ನಾಟುತ್ತದೆ. ಪ್ರಶ್ನೆ ಕೇಳುವವರೂ ತಮಾಷೆಗೆ ಕೇಳುವುದಿಲ್ಲ. ಅವರಲ್ಲಿ ಕೆಲವರು ಮೊಬೈಲ್ ಅಂಗಡಿಗಳಲ್ಲಿ ದುಡಿಯುವವರು. ಹತ್ತಿಪ್ಪತ್ತು ರೂಪಾಯಿಗೆ ಮೆಮೊರಿ ಕಾರ್ಡಿಗೆ ಹಾಡು, ಸಿನಿಮಾ ತುಂಬಿಸಿಕೊಡುವುದು ಕೆಲವು ವರ್ಷಗಳ ಹಿಂದೆ ನಮ್ಮ ಪೇಟೆಗಳಲ್ಲಿ ದಿನನಿತ್ಯದ ವ್ಯಾಪಾರವಾಗಿತ್ತು. ಅದಕ್ಕೂ ಹಿಂದೆ ಗಲ್ಫಿನಿಂದ ಬಂದ ಎರಡು ಕ್ಯಾಸೆಟ್ ಹಾಕುವ ಟೇಪ್ ರೆಕಾರ್ಡರುಗಳಲ್ಲಿ ಮಾಪ್ಪಿಳ ಹಾಡುಗಳ ಒಂದು ಕ್ಯಾಸೆಟ್ಟು ಹತ್ತಾಗಿ ಮದುವೆ ಮನೆಗಳಿಗೆ ಹೋಗುತ್ತಿತ್ತು. ಈಗ ಅಂಗಡಿಯೂ ಬೇಡ, ಕ್ಯಾಸೆಟ್ಟೂ ಬೇಡ. ಟೆಲಿಗ್ರಾಂ ಗುಂಪೊಂದಿದ್ದರೆ ಸಾಕು.

ಈ ವಿಷಯದಲ್ಲಿ ಒಂದು ಕಾಲದಲ್ಲಿ ಉಲಮಾಗಳೇ ಒಮ್ಮತದಲ್ಲಿರಲಿಲ್ಲ ಎಂಬುದನ್ನು ಮೊದಲು ಹೇಳಿಬಿಡಬೇಕು. ಹಿಂದಿನ ತಲೆಮಾರಿನ ದೊಡ್ಡ ವಿದ್ವಾಂಸರಲ್ಲೊಬ್ಬರಾದ ಮುಫ್ತಿ ಮುಹಮ್ಮದ್ ಶಫೀ ಅವರು ಗ್ರಂಥಸ್ವಾಮ್ಯವನ್ನು ಮಾರಾಟ ಮಾಡಬಹುದಾದ ಸೊತ್ತೆಂದು ಒಪ್ಪಲಿಲ್ಲ. ಹಣ ಕೊಟ್ಟು ಪುಸ್ತಕ ಕೊಂಡವನು ಅದರ ಒಡೆಯನಾಗುತ್ತಾನೆ, ಅದನ್ನು ಬರೆದುಕೊಳ್ಳದಂತೆ ತಡೆಯುವ ಅಧಿಕಾರ ಮಾರಿದವನಿಗೆ ಎಲ್ಲಿಂದ ಬಂತು ಎಂಬುದು ಆ ಪಕ್ಷದ ವಾದ. ಅವರ ಪುತ್ರ ಮುಫ್ತಿ ತಖೀ ಉಸ್ಮಾನಿಯವರೇ ಮುಂದೆ ಬೇರೆ ನಿಲುವು ತಾಳಿದರು. ವ್ಯಾಪಾರಿಗಳ ರೂಢಿಯಲ್ಲಿ ಅದು ಸೊತ್ತಾಗಿ ಮಾನ್ಯವಾಗಿದೆ, ಬರೆದವನು ಅದರಲ್ಲಿ ದುಡಿಮೆಯನ್ನೂ ಹಣವನ್ನೂ ಹೂಡಿದ್ದಾನೆ, ಆದ್ದರಿಂದ ಅದಕ್ಕೆ ರಕ್ಷಣೆಯಿದೆ ಎಂದರು. 1988ರ ಡಿಸೆಂಬರಿನಲ್ಲಿ ಕುವೈತಿನಲ್ಲಿ ಸೇರಿದ್ದ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್‌ಹ್ ಅಕಾಡೆಮಿಯು ಕೃತಿಯ ಹಕ್ಕು, ಆವಿಷ್ಕಾರದ ಹಕ್ಕು, ವ್ಯಾಪಾರದ ಹೆಸರು ಇವೆಲ್ಲ ಶರೀಅತ್ ಮನ್ನಿಸುವ ಹಕ್ಕುಗಳು, ಅವುಗಳನ್ನು ಅತಿಕ್ರಮಿಸುವಂತಿಲ್ಲ ಎಂದು ತೀರ್ಮಾನಿಸಿತು. ಇಂದು ಹೆಚ್ಚಿನವರು ಹೋಗುವ ದಾರಿ ಇದೇ. ನನಗೂ ಅದೇ ಸರಿಯೆಂದು ತೋರುತ್ತದೆ.

ಏಕೆಂದರೆ ಕೊಡೆಯ ವಾದದಲ್ಲಿ ಒಂದು ತೂತಿದೆ. ಹಾಡು ಕಟ್ಟಿದವನ ಬಳಿ ಹಾಡು ಉಳಿಯುತ್ತದೆ ನಿಜ. ಅದರಿಂದ ಬರಬೇಕಾಗಿದ್ದ ಅನ್ನ ಉಳಿಯುವುದಿಲ್ಲ. 2019ರ ಸೆಪ್ಟೆಂಬರಿನಲ್ಲಿ ‘ಪೈಲ್ವಾನ್’ ಎಂಬ ಕನ್ನಡ ಚಿತ್ರ ತೆರೆಕಂಡ ಬೆನ್ನಿಗೇ ಅದರ ನಕಲು ಅಂತರ್ಜಾಲದಲ್ಲಿ ಹರಡಿ, ಚಿತ್ರ ತಯಾರಿಸಿದವರು ಪೊಲೀಸರ ಮೊರೆ ಹೋಗಬೇಕಾಯಿತು. ಸಿನಿಮಾ ನೋಡಬೇಕೇ ಬೇಡವೇ ಎಂಬುದು ಬೇರೆ ಚರ್ಚೆ. ಸಿನಿಮಾದವನ ಸೊತ್ತೆಂಬ ಕಾರಣಕ್ಕೆ ಅದನ್ನು ದೋಚಬಹುದೆಂದು ಯಾವ ಫಿಕ್‌ಹ್ ಗ್ರಂಥದಲ್ಲೂ ಇಲ್ಲ. ಅಷ್ಟೇಕೆ, ಇಂತಹ ಧಾರ್ಮಿಕ ಪತ್ರಿಕೆಗಳ ಲೇಖನಗಳನ್ನೇ ಪುಟ ಪುಟವಾಗಿ ಫೋಟೋ ತೆಗೆದು ವಾಟ್ಸ್‌ಆ್ಯಪ್ ಗುಂಪುಗಳಿಗೆ ಹಾಕುವ ಸಹೋದರರಿದ್ದಾರೆ. ಪುಣ್ಯದ ಕೆಲಸವೆಂದೇ ಹಾಕುತ್ತಾರೆ. ಅಕ್ಷರ ಜೋಡಿಸಿದವನ ಸಂಬಳ, ಕಾಗದದ ಬೆಲೆ, ಅಂಚೆಯ ಖರ್ಚು ಚಂದಾದಾರರಿಂದ ಬರಬೇಕು ಎಂಬುದು ಅವರ ಗಮನಕ್ಕೆ ಬರುವುದಿಲ್ಲ.

ಹಾಗೆಂದು ಎಲ್ಲ ನಕಲೂ ಒಂದೇ ಅಲ್ಲ. ಜ್ಞಾನವನ್ನು ಕೇಳಿದಾಗ ಬಚ್ಚಿಟ್ಟವನಿಗೆ ಪುನರುತ್ಥಾನದ ದಿನ ಬೆಂಕಿಯ ಕಡಿವಾಣ ಹಾಕಲಾಗುವುದೆಂಬ ಪ್ರವಾದಿ(ಸ)ಯವರ ಎಚ್ಚರಿಕೆ ಕಲಿಸುವವರೆಲ್ಲರಿಗೂ ಗೊತ್ತು. ನಮ್ಮ ದೇಶದ ಕಾನೂನು ಕೂಡ ಇದಕ್ಕೆ ಜಾಗವಿಟ್ಟಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಮು ಸ್ವಂತ ಅಧ್ಯಯನಕ್ಕೆ, ಸಂಶೋಧನೆಗೆ, ತರಗತಿಯ ಪಾಠಕ್ಕೆ ಮಿತಿಯೊಳಗೆ ನಕಲು ಮಾಡಲು ಅವಕಾಶ ಕೊಡುತ್ತದೆ. ದಿಲ್ಲಿ ವಿಶ್ವವಿದ್ಯಾನಿಲಯದ ಆವರಣದ ಝೆರಾಕ್ಸ್ ಅಂಗಡಿಯೊಂದರ ಮೇಲೆ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ನಂತಹ ಹೆಸರಾಂತ ಪ್ರಕಾಶಕರು 2012ರಲ್ಲಿ ದಾವೆ ಹೂಡಿದಾಗ, ವಿದ್ಯಾರ್ಥಿಗಳ ಪಠ್ಯಕ್ಕಾಗಿ ಹಾಗೆ ನಕಲು ಮಾಡಿಕೊಡುವುದು ಅತಿಕ್ರಮಣವಲ್ಲವೆಂದು ದಿಲ್ಲಿ ಹೈಕೋರ್ಟು 2016ರಲ್ಲಿ ಹೇಳಿತು. ಇನ್ನು ಕೆಲವರು ತಾವಾಗಿಯೇ ಬಾಗಿಲು ತೆರೆಯುತ್ತಾರೆ. ನಮ್ಮ ನೆರೆಯ ಕುಳ್ಕುಂದದವರಾದ, 1837ರ ಬಂಡಾಯದ ಮೇಲೆ ‘ಕಲ್ಯಾಣಸ್ವಾಮಿ’ ಕಾದಂಬರಿ ಬರೆದ ನಿರಂಜನರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು ಅವರ ಮಗಳು 2014ರಲ್ಲಿ ಯಾರೂ ಹಂಚಿಕೊಳ್ಳಬಹುದಾದ ಮುಕ್ತ ಪರವಾನಗಿಯಡಿ ಬಿಟ್ಟುಕೊಟ್ಟರು.

ಅದೇ 2014ರಲ್ಲಿ ನಮ್ಮ ರಾಜ್ಯದ ವಿಧಾನಮಂಡಲ ಬೇರೊಂದು ಕೆಲಸ ಮಾಡಿತು. ನನ್ನ ಮಾತಿನ ಮುಖ್ಯ ಭಾಗ ಇರುವುದು ಇಲ್ಲಿ.

ಜನರ ಬಾಯಲ್ಲಿ ಗೂಂಡಾ ಕಾಯ್ದೆ ಎಂದು ಪ್ರಸಿದ್ಧವಾದ 1985ರ ಕಾಯ್ದೆಯೊಂದು ಕರ್ನಾಟಕದಲ್ಲಿದೆ. ಕಳ್ಳಭಟ್ಟಿಯವರು, ಜೂಜುಕೋರರು, ಮಾದಕ ವಸ್ತು ಮಾರುವವರು, ಗೂಂಡಾಗಳು ಇವರಿಗಾಗಿ ಮಾಡಿದ್ದು. ಬಳಿಕ ವಿಡಿಯೊ, ಆಡಿಯೊ ಕಳ್ಳನಕಲಿನವರನ್ನೂ ಅದರೊಳಗೆ ಸೇರಿಸಲಾಯಿತು. 2014ರ ತಿದ್ದುಪಡಿಯಲ್ಲಿ ಆ್ಯಸಿಡ್ ದಾಳಿಕೋರರು, ಭೂಗಳ್ಳರು, ಲೈಂಗಿಕ ಅಪರಾಧಿಗಳ ಜೊತೆಗೆ ‘ಡಿಜಿಟಲ್ ಅಪರಾಧಿ’ ಎಂಬ ಹೊಸ ವರ್ಗ ಬಂತು. ಪುಸ್ತಕ, ಸಂಗೀತ, ಚಲನಚಿತ್ರ, ಸಾಫ್ಟ್‌ವೇರ್, ಕಲಾಕೃತಿ, ವೈಜ್ಞಾನಿಕ ಕೃತಿ ಇವುಗಳ ಹಕ್ಕುಸ್ವಾಮ್ಯವನ್ನು ವಾಣಿಜ್ಯದ ಉದ್ದೇಶಕ್ಕಾಗಿ ತಿಳಿದೂ ಮುರಿಯುವವನು ಆ ವರ್ಗಕ್ಕೆ ಸೇರುತ್ತಾನೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 67ರಿಂದ 75ರವರೆಗಿನ ಕಲಮುಗಳಡಿ ಬರುವವನೂ ಸೇರುತ್ತಾನೆ. ವಾಣಿಜ್ಯ ಎಂದ ಕೂಡಲೇ ದೊಡ್ಡ ದೊಡ್ಡ ಜಾಲಗಳೇ ಕಣ್ಣಿಗೆ ಬರಬಹುದು. ಆದರೆ ಹತ್ತು ರೂಪಾಯಿ ಪಡೆದು ಕಾರ್ಡು ತುಂಬಿಸುವುದೂ ವಾಣಿಜ್ಯವೇ. ಅಂದಿನ ಸಿದ್ದರಾಮಯ್ಯನವರ ಸರಕಾರ ಇದನ್ನು ತಂದಾಗ ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಆ್ಯಂಡ್ ಸೊಸೈಟಿಯಂತಹ ಸಂಸ್ಥೆಗಳು ಆಕ್ಷೇಪವೆತ್ತಿದವು. ನಮ್ಮ ಕಡೆ ಅದರ ಸದ್ದು ಅಷ್ಟಾಗಿ ಕೇಳಲಿಲ್ಲ.

ಈ ಕಾಯ್ದೆ ಶಿಕ್ಷೆ ವಿಧಿಸುವ ಕಾನೂನಲ್ಲ. ಇದನ್ನು ಓದುಗರು ಗಮನವಿಟ್ಟು ತಿಳಿಯಬೇಕು. ಶಿಕ್ಷೆಗೆ ಬೇರೆ ಕಾನೂನು ಮೊದಲೇ ಇದೆ. ಹಕ್ಕುಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ನ್ಯಾಯಾಲಯದಲ್ಲಿ ಅಪರಾಧ ಸಾಬೀತಾದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50,000 ರೂಪಾಯಿಯಿಂದ ಎರಡು ಲಕ್ಷದವರೆಗೆ ದಂಡ. ಗೂಂಡಾ ಕಾಯ್ದೆಯ ದಾರಿಯೇ ಬೇರೆ. ಇಲ್ಲಿ ಸಾಬೀತು ಮಾಡಬೇಕಾಗಿಲ್ಲ. ಈತ ಮುಂದೆಯೂ ಇಂತಹ ಕೆಲಸ ಮಾಡಿ ಸಾರ್ವಜನಿಕ ಶಾಂತಿಗೆ ಧಕ್ಕೆ ತರಬಹುದೆಂದು ಜಿಲ್ಲಾಧಿಕಾರಿಗೆ ಅಥವಾ ಪೊಲೀಸ್ ಕಮಿಷನರಿಗೆ ಮನವರಿಕೆಯಾದರೆ, ಹನ್ನೆರಡು ತಿಂಗಳವರೆಗೆ ಒಳಗಿಡಬಹುದು. ಸಾಮಾನ್ಯ ಕಳ್ಳನನ್ನು ಹಿಡಿದರೆ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು, ಅವನಿಗೆ ವಕೀಲನನ್ನು ಕಾಣುವ ಹಕ್ಕಿದೆ. ಮುನ್ನೆಚ್ಚರಿಕೆಯ ಬಂಧನಕ್ಕೆ ಈ ಎರಡು ರಕ್ಷಣೆಗಳೂ ಅನ್ವಯಿಸುವುದಿಲ್ಲವೆಂದು ಸಂವಿಧಾನದ 22ನೇ ವಿಧಿಯೇ ಹೇಳುತ್ತದೆ. ಒಂದು ಸಲಹಾ ಮಂಡಳಿ ಕಡತ ನೋಡುತ್ತದೆ, ಅಷ್ಟೆ. ಮಾಡಿದ್ದಕ್ಕಲ್ಲ, ಮಾಡಬಹುದಾದದ್ದಕ್ಕೆ ಸೆರೆ. ಕೊಲೆಯ ಆರೋಪಿಗೆ ಸಿಗುವ ಹಕ್ಕು ಹಾಡು ನಕಲು ಮಾಡಿದವನಿಗೆ ಸಿಗದಿದ್ದರೆ ಆ ತಕ್ಕಡಿಯನ್ನು ನ್ಯಾಯದ ತಕ್ಕಡಿ ಎನ್ನುವುದು ಹೇಗೆ?

ತಪ್ಪು ಮಾಡದವನಿಗೆ ಭಯವೇಕೆ ಎನ್ನುವವರಿದ್ದಾರೆ. ಅಂತಹವರು ಸ್ನೇಹಲತಾ ರೆಡ್ಡಿಯವರನ್ನು ನೆನೆಯಬೇಕು. ‘ಸಂಸ್ಕಾರ’ ಚಿತ್ರದಲ್ಲಿ ನಟಿಸಿದ್ದ ಆ ಕಲಾವಿದೆಯನ್ನು ತುರ್ತು ಪರಿಸ್ಥಿತಿಯಲ್ಲಿ, 1976ರಲ್ಲಿ, ಮೀಸಾ ಕಾಯ್ದೆಯಡಿ ಬೆಂಗಳೂರಿನ ಜೈಲಿನಲ್ಲಿ ಸುಮಾರು ಎಂಟು ತಿಂಗಳು ಕೂಡಿಹಾಕಲಾಯಿತು. ಆಸ್ತಮಾದಿಂದ ನರಳುತ್ತಿದ್ದ ಅವರು 1977ರ ಜನವರಿಯಲ್ಲಿ, ಹೊರಗೆ ಬಂದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮೀಸಾ ಕೂಡ ವಿಚಾರಣೆಯಿಲ್ಲದೆ ಒಳಗಿಡುವ ಕಾನೂನೇ ಆಗಿತ್ತು. ತಮ್ಮದೇ ಬಳಗದ ಒಬ್ಬ ಕಲಾವಿದೆಯನ್ನು ಬಲಿತೆಗೆದುಕೊಂಡ ಅದೇ ಬಗೆಯ ಆಯುಧ ಇಂದು ಚಿತ್ರರಂಗದ ರಕ್ಷಣೆಗೆಂದು ನಿಂತಿರುವುದು ವಿಪರ್ಯಾಸವಲ್ಲವೇ?

ವಿಚಾರಣೆಯಿಲ್ಲದ ಸೆರೆ ಎಂದರೇನೆಂದು ನಮ್ಮ ಸಮುದಾಯಕ್ಕೆ ಹೊರಗಿನವರು ಬಂದು ಕಲಿಸಬೇಕಾಗಿಲ್ಲ. ಆದರೆ ಇಲ್ಲಿ ನಮ್ಮನ್ನೇ ಕೇಳಿಕೊಳ್ಳಬೇಕಾದ ಕಹಿ ಪ್ರಶ್ನೆಯೊಂದಿದೆ. ನಮ್ಮ ಹುಡುಗ ಸಿಕ್ಕಿಬಿದ್ದಾಗ ಅನ್ಯಾಯವೆಂದು ಕೂಗುವ ನಾವು, ಅದೇ ಕಾಯ್ದೆಯಡಿ ಕಳ್ಳಭಟ್ಟಿಯವನನ್ನೋ ಜೂಜುಕೋರನನ್ನೋ ವಿಚಾರಣೆಯಿಲ್ಲದೆ ತಿಂಗಳುಗಟ್ಟಲೆ ಇಡುವಾಗ ಏನೆನ್ನುತ್ತೇವೆ? ಸಾರಾಯಿಯೂ ಜೂಜೂ ಹರಾಮ್, ಆದ್ದರಿಂದ ಹಾಗೇ ಆಗಬೇಕು ಎಂದು ಸುಮ್ಮನಾಗುತ್ತೇವೆ. ಪಾಪ ದೊಡ್ಡದಾದಷ್ಟೂ ಪಾಪಿಯ ಹಕ್ಕು ಚಿಕ್ಕದಾಗಬೇಕೆಂದು ನಮಗೆ ಕಲಿಸಿದವರು ಯಾರು?

ಖಲೀಫಾ ಉಮರ್(ರ)ರ ಬಗ್ಗೆ ಪ್ರಸಿದ್ಧವಾದ ವರದಿಯೊಂದಿದೆ. ರಾತ್ರಿ ಗಸ್ತಿನಲ್ಲಿದ್ದಾಗ ಒಂದು ಮನೆಯೊಳಗಿನಿಂದ ಸದ್ದು ಕೇಳಿ, ಗೋಡೆ ಹತ್ತಿ ಒಳಗಿಳಿದರು. ಒಳಗಿದ್ದವನ ಮುಂದೆ ಮದ್ಯವಿತ್ತು. ಅವರು ಗದರಿದಾಗ ಅವನು ಹೇಳಿದ್ದಿಷ್ಟು: ನಾನು ಒಂದು ತಪ್ಪು ಮಾಡಿದೆ, ನೀವು ಮೂರು ಮಾಡಿದಿರಿ. ಗೂಢಚರ್ಯೆ ಬೇಡವೆಂದು ಅಲ್ಲಾಹನು ಹೇಳಿದ್ದಾನೆ, ನೀವು ಗೂಢಚರ್ಯೆ ಮಾಡಿದಿರಿ. ಮನೆಗಳಿಗೆ ಬಾಗಿಲಿನಿಂದ ಬನ್ನಿ ಎಂದಿದ್ದಾನೆ, ನೀವು ಗೋಡೆಯಿಂದ ಬಂದಿರಿ. ಸಲಾಮ್ ಹೇಳಿ ಅನುಮತಿ ಪಡೆಯಿರಿ ಎಂದಿದ್ದಾನೆ, ನೀವು ಪಡೆಯಲಿಲ್ಲ. ಉಮರ್(ರ) ಅವನನ್ನು ಬಿಟ್ಟು ಹೊರಟುಹೋದರು. ಮದ್ಯ ಹಲಾಲಾಯಿತೆಂದು ಅಲ್ಲ. ತಾನು ಬಂದ ದಾರಿ ಸರಿಯಿಲ್ಲವೆಂದು ಆಡಳಿತಗಾರನಿಗೆ ಅರಿವಾಗಿತ್ತು.

ಹಾಗಾದರೆ ನಷ್ಟ ಅನುಭವಿಸಿದವನ ಗತಿಯೇನು? ಇದು ನ್ಯಾಯವಾದ ಆಕ್ಷೇಪ. ನ್ಯಾಯಾಲಯದಲ್ಲಿ ದಾವೆ ಮುಗಿಯುವಷ್ಟರಲ್ಲಿ ಚಿತ್ರವೂ ಹೋಗಿರುತ್ತದೆ, ಬಂಡವಾಳವೂ ಹೋಗಿರುತ್ತದೆ ಎನ್ನುವ ನಿರ್ಮಾಪಕನ ಮಾತು ಸುಳ್ಳಲ್ಲ. ಇದಕ್ಕೂ ಉಮರ್(ರ)ರ ಕಾಲದ ಒಂದು ತೀರ್ಪಿನಲ್ಲಿ ಬೆಳಕಿದೆ. ಇಮಾಮ್ ಮಾಲಿಕರ ಮುವತ್ತಾದಲ್ಲಿ ಅದು ದಾಖಲಾಗಿದೆ. ಹಾತಿಬ್‌ರ ಮನೆಯ ಗುಲಾಮರು ಮುಝೈನಾ ಗೋತ್ರದವನೊಬ್ಬನ ಹೆಣ್ಣೊಂಟೆಯನ್ನು ಕದ್ದು ಕೊಯ್ದರು. ಕೈ ಕಡಿಯುವ ಆಜ್ಞೆಯೂ ಆಯಿತು. ಆಮೇಲೆ ಖಲೀಫರು ಗುಲಾಮರ ಒಡೆಯನ ಕಡೆ ತಿರುಗಿ, ನೀನು ಇವರನ್ನು ಹಸಿವಿನಲ್ಲಿ ಇಟ್ಟಿದ್ದೀ ಎಂದು ತೋರುತ್ತದೆ ಎಂದರು. ಒಂಟೆಯ ಬೆಲೆ 400 ದಿರ್ಹಮ್ ಎಂದು ತಿಳಿದಾಗ, ಒಡೆಯನು 800 ದಿರ್ಹಮ್ ತೆರಬೇಕೆಂದು ತೀರ್ಪಿತ್ತರು. ಒಂಟೆಯವನಿಗೆ ನಷ್ಟವಾಗಲಿಲ್ಲ, ಹಸಿದವನ ಕೈ ಹೋಗಲಿಲ್ಲ, ಹಸಿವಿಗೆ ಕಾರಣನಾದವನು ತಪ್ಪಿಸಿಕೊಳ್ಳಲೂ ಇಲ್ಲ. ನಷ್ಟ ತುಂಬಿಸಿಕೊಡುವುದಕ್ಕೂ ಮನುಷ್ಯನನ್ನು ಕೂಡಿಹಾಕುವುದಕ್ಕೂ ಇರುವ ಅಂತರ ಇಲ್ಲಿ ಎಷ್ಟು ಸ್ಪಷ್ಟವಾಗಿದೆ! ನಮ್ಮ ದಾವೆಗಳು ನಿಧಾನವಾಗಿದ್ದರೆ ಅವನ್ನು ಚುರುಕು ಮಾಡಬೇಕು. ನ್ಯಾಯಾಲಯ ನಿಧಾನವೆಂದು ನ್ಯಾಯಾಲಯವನ್ನೇ ದಾಟಿ ಹೋಗುವುದು ಪರಿಹಾರವಲ್ಲ.

ಇದೇ ಆತುರ ಅಂತರ್ಜಾಲದ ವಿಷಯದಲ್ಲೂ ಕಂಡುಬಂದಿತ್ತು. 2012ರಲ್ಲಿ ‘3’ ಎಂಬ ತಮಿಳು ಚಿತ್ರವೂ ಸೇರಿದಂತೆ ಕೆಲವು ಚಿತ್ರಗಳ ನಕಲು ತಡೆಯಲು ಮದರಾಸು ಹೈಕೋರ್ಟಿನಿಂದ ಆದೇಶ ಪಡೆಯಲಾಯಿತು. ಅದನ್ನು ಹಿಡಿದು ಅಂತರ್ಜಾಲ ಕಂಪೆನಿಗಳು ಕಳ್ಳನಕಲಿಗೆ ಸಂಬಂಧವಿಲ್ಲದವರೂ ಬಳಸುತ್ತಿದ್ದ ವಿಮಿಯೊದಂತಹ ತಾಣಗಳನ್ನೂ ಇಡಿಯಾಗಿ ಮುಚ್ಚಿಬಿಟ್ಟವು. ನಿರ್ದಿಷ್ಟ ಪುಟಗಳನ್ನು ಮಾತ್ರ ತಡೆಯಬೇಕೆಂದು ಅದೇ ನ್ಯಾಯಾಲಯ ಆ ಜೂನ್‌ನಲ್ಲಿ ಸ್ಪಷ್ಟಪಡಿಸಬೇಕಾಯಿತು. ಸಂತೆಯಲ್ಲಿ ಒಬ್ಬ ಕದ್ದ ಮಾಲು ಮಾರಿದನೆಂದು ಸಂತೆಯನ್ನೇ ಎಬ್ಬಿಸಿದಂತೆ ಅದು.

ಇನ್ನು ಮೊಬೈಲ್ ಅಂಗಡಿಯ ಯುವಕನಿಗೆ ಹೇಳಬೇಕಾದ್ದು. ಬೇರೆಯವರ ದುಡಿಮೆಯನ್ನು ಮಾರುವ ಕೆಲಸ ನಿಲ್ಲಿಸು. ಪೊಲೀಸರ ಭಯಕ್ಕಲ್ಲ, ಆ ಹತ್ತು ರೂಪಾಯಿ ನಿನ್ನದಲ್ಲವೆಂಬುದಕ್ಕೆ. ಸ್ಕ್ರೀನ್ ಬದಲಿಸುವುದರಲ್ಲಿ, ಚಾರ್ಜರ್ ಮಾರುವುದರಲ್ಲಿ ಹಲಾಲಾದ ಸಂಪಾದನೆಯಿದೆ. ಜಮಾಅತಿನ ಹಿರಿಯರಿಗೆ ಹೇಳಬೇಕಾದ್ದು ಬೇರೆ. ಊರಿನ ಯಾರಾದರೂ, ಅವನು ನಮ್ಮವನಿರಲಿ ಇಲ್ಲದಿರಲಿ, ಈ ಕಾಯ್ದೆಯಡಿ ಒಳಗಾದರೆ, ಅವನು ಮಾಡಿದ್ದು ಸರಿಯೋ ತಪ್ಪೋ ಎಂಬ ಚರ್ಚೆಯನ್ನು ಆಮೇಲೆ ಮಾಡೋಣ. ಬಂಧನದ ಕಾರಣವನ್ನು ಆದಷ್ಟು ಬೇಗ ಅವನಿಗೆ ತಿಳಿಸಬೇಕೆಂದೂ ಅದರ ವಿರುದ್ಧ ಮನವಿ ಸಲ್ಲಿಸಲು ಅವಕಾಶ ಕೊಡಬೇಕೆಂದೂ ಅದೇ 22ನೇ ವಿಧಿ ಹೇಳುತ್ತದೆ. ಜೈಲಿನಲ್ಲಿ ಕೂತವನಿಗೆ, ಅವನ ತಾಯಿಗೆ, ಆ ಮನವಿ ಬರೆಯಲು ಬರಲಾರದು. ಬರೆದುಕೊಡಬಲ್ಲವರು ನಮ್ಮ ಒಂದೊಂದು ಮಹಲ್ಲಿನಲ್ಲೂ ನಾಲ್ಕೈದು ಮಂದಿಯಾದರೂ ಇದ್ದಾರೆ.