ಸಾರ್ಥದ ಲೆಕ್ಕ

ಹೈದರಾಬಾದಿಗೆ ಹೊಟ್ಟೆಪಾಡಿಗಾಗಿ ಬಂದ ನಮ್ಮಂಥವರ ಗೆಳೆತನದಲ್ಲಿ ಎರಡು ಬಗೆಯ ಲೆಕ್ಕಗಳಿರುತ್ತವೆ. ಒಂದು ಮನೆಯ ಲೆಕ್ಕ. ಕೊಂಡಾಪುರದ ಫ್ಲ್ಯಾಟಿನ ಬಾಡಿಗೆ ನಾಲ್ಕು ಪಾಲು, ಗ್ಯಾಸು ನಾಲ್ಕು ಪಾಲು, ಅಡುಗೆಯಮ್ಮನ ಸಂಬಳ ನಾಲ್ಕು ಪಾಲು. ತಿಂಗಳ ಕೊನೆಗೆ ಯಾರು ಯಾರಿಗೆ ಎಷ್ಟು ಕೊಡಬೇಕೆಂದು ಮೊಬೈಲೇ ಹೇಳುತ್ತದೆ. ಇನ್ನೊಂದು ಚಹಾದ ಲೆಕ್ಕ. ಇರಾನಿ ಹೋಟೆಲಿನಲ್ಲಿ ನಾಲ್ಕು ಚಹಾ, ಒಂದು ಪ್ಲೇಟು ಉಸ್ಮಾನಿಯಾ ಬಿಸ್ಕತ್ತು. ದುಡ್ಡು ಯಾರು ಕೊಟ್ಟರೆಂದು ಯಾರೂ ಬರೆದಿಡುವುದಿಲ್ಲ. ಮೊದಲನೆಯದರಲ್ಲಿ ನ್ಯಾಯವಿದೆ, ಎರಡನೆಯದರಲ್ಲಿ ಸಲಿಗೆಯಿದೆ. ಎರಡೂ ಜೊತೆಜೊತೆಯಾಗಿ ನಡೆಯುತ್ತಿರುವವರೆಗೆ ಗೆಳೆತನಕ್ಕೆ ತೊಂದರೆಯಿಲ್ಲ.

ಆದರೆ ಆಪ್ತ ಗೆಳೆಯರು ಸೇರಿ ದೂರದ ದೇಶಕ್ಕೆ ಹೊರಟಾಗ ಈ ಎರಡೂ ಲೆಕ್ಕ ಕೈಕೊಡುತ್ತವೆ. ಅಲ್ಲಿನ ಖರ್ಚು ಚಹಾದಂತೆ ಮರೆತುಬಿಡುವಷ್ಟು ಸಣ್ಣದಲ್ಲ. ಬಾಡಿಗೆಯಂತೆ ಒಮ್ಮೆ ಒಪ್ಪಿಕೊಂಡು ಸುಮ್ಮನಾಗುವಂಥದ್ದೂ ಅಲ್ಲ. ಗಂಟೆಗೊಮ್ಮೆ ಏನನ್ನೋ ಆಯ್ಕೆ ಮಾಡಬೇಕು, ಪ್ರತಿ ಆಯ್ಕೆಗೂ ಒಂದು ಬೆಲೆಯಿದೆ. ನಾಲ್ವರ ಜೇಬು ಒಂದೇ ಅಳತೆಯದ್ದಲ್ಲ. ಹಾಗಿರುವಾಗ ಒಬ್ಬರಿಗೊಬ್ಬರು ಏನು ಬಾಕಿ? ಉಳ್ಳವನು ಇಲ್ಲದವನ ಪಾಲನ್ನು ಕೊಡಬೇಕೆ? ಇಲ್ಲದವನಿಗಾಗಿ ಉಳಿದವರು ತಮ್ಮ ಆಸೆಯನ್ನು ಬಿಡಬೇಕೆ? ಅಥವಾ ಅವನವನ ಶಕ್ತಿ ಅವನವನದು ಎಂದು ಮುಂದೆ ನಡೆಯಬೇಕೆ?

ನಾವು ನಾಲ್ವರು ವಿಯೆಟ್ನಾಮಿಗೆ ಹೋಗಿದ್ದೆವು. ಒಬ್ಬ ಶಿವಮೊಗ್ಗದವನು, ಒಬ್ಬ ಹೊಸಪೇಟೆಯವನು, ಒಬ್ಬ ಕಲಬುರಗಿಯವನು, ಮತ್ತೆ ನಾನು. ಚಿಲ್ಕೂರು ಬಾಲಾಜಿಗೆ 11 ಸುತ್ತು ಹಾಕಿ ಬೇಡಿಕೊಳ್ಳಬೇಕಾದ ವೀಸಾ ಏನಲ್ಲ ಅದು. 25 ಡಾಲರು ಕಟ್ಟಿದರೆ ಮನೆಯಲ್ಲಿ ಕೂತಲ್ಲಿಗೇ ಬರುತ್ತದೆ. ಹನೋಯಿಯಲ್ಲಿ ಇಳಿದು ದುಡ್ಡು ಬದಲಾಯಿಸಿದಾಗ ಎಲ್ಲರೂ ಲಕ್ಷಾಧೀಶರೇ. ಅಲ್ಲಿನ ಅತಿ ದೊಡ್ಡ ನೋಟು 5 ಲಕ್ಷ ಡಾಂಗಿನದು, ನಮ್ಮ ಲೆಕ್ಕಕ್ಕೆ ಸುಮಾರು 1,700 ರೂಪಾಯಿ. ಸೊನ್ನೆಗಳ ಗದ್ದಲದಲ್ಲಿ ಮೊದಲ ಎರಡು ದಿನ ಖರ್ಚು ಖರ್ಚೆಂದು ಅನ್ನಿಸಲೇ ಇಲ್ಲ. ಕಲಬುರಗಿಯವನಿಗೆ ಮಾತ್ರ ಪ್ರತಿ ನೋಟೂ ರೂಪಾಯಿಯಾಗಿಯೇ ಕಾಣುತ್ತಿತ್ತೆಂದು ಆಮೇಲೆ ತಿಳಿಯಿತು. ಅವನ ಮನೆಯಲ್ಲಿ ತೊಗರಿ ಹೊಲ, ಆ ವರ್ಷ ಮಳೆಗೆ ಹೋದ ಬೆಳೆ, ತಮ್ಮನ ಕಾಲೇಜಿನ ಫೀಸು. ಸಂಬಳ ಬಂದ ದಿನವೇ ಅರ್ಧಕ್ಕಿಂತ ಹೆಚ್ಚು ಊರಿಗೆ ಹೋಗುತ್ತದೆ.

ದನಾಂಗಿನಲ್ಲಿ ವಿಷಯ ಮೇಲೆ ಬಂತು. ಊರ ಹೊರಗೆ ಬಾ ನಾ ಎಂಬ ಗುಡ್ಡವಿದೆ. ಕೇಬಲ್ ಕಾರಿನಲ್ಲಿ ಏರಬೇಕು. ಮೇಲೆ ಎರಡು ದೈತ್ಯ ಹಸ್ತಗಳು ಎತ್ತಿಹಿಡಿದಂತೆ ಕಾಣುವ ಚಿನ್ನದ ಬಣ್ಣದ ಸೇತುವೆಯಿದೆ. 2018ರಲ್ಲಿ ತೆರೆದ ಆ ಸೇತುವೆಯ ಚಿತ್ರವನ್ನು ನೀವೂ ಇನ್‌ಸ್ಟಾಗ್ರಾಮಿನಲ್ಲಿ ಕಂಡಿರುತ್ತೀರಿ. ಟಿಕೆಟ್ಟು ತಲೆಗೆ ಮೂರು ಸಾವಿರ ರೂಪಾಯಿಯ ಆಸುಪಾಸು. ಕಲಬುರಗಿಯವನು, "ನೀವು ಹೋಗಿ ಬರ್ರಿ, ನಾ ಇಲ್ಲೇ ಸಮುದ್ರದ ದಂಡೀ ಮ್ಯಾಲೆ ಕೂಡ್ತೀನಿ" ಅಂದ.

"ನಿಂದು ನಾನು ಹಾಕ್ತೀನಿ ಬಿಡೋ, ಯಾವಾಗಾದ್ರೂ ಕೊಡು" ಅಂದ ಹೊಸಪೇಟೆಯವನು.

"ಊರಾಗ ಸಾಲ ಕೊಟ್ಟವರು ಭಾಳ ಮಂದಿ ಅದಾರ. ಇನ್ನೊಬ್ಬರು ಯಾಕ?"

"ಹಾಗಾದ್ರೆ ಯಾರೂ ಹೋಗೋದು ಬೇಡ ಮಾರಾಯ" ಅಂದ ಶಿವಮೊಗ್ಗದವನು.

"ನನ್ನ ಸಲುವಾಗಿ ನೀವು ಗುಡ್ಡ ಬಿಟ್ರ, ಆ ಗುಡ್ಡ ನನ್ನ ಹೆಗಲ ಮ್ಯಾಲೆ ಕೂಡ್ತದ."

ನಕ್ಕುಕೊಂಡೇ ಹೇಳಿದ. ಆದರೆ ನಾವು ಸಾಮಾನ್ಯವಾಗಿ ಒಳ್ಳೆಯತನವೆಂದು ತಿಳಿಯುವ ಎರಡು ದಾರಿಗಳನ್ನು ಎರಡೇ ಮಾತಿನಲ್ಲಿ ಮುಚ್ಚಿಬಿಟ್ಟಿದ್ದ. ಕೊಡುವವನ ಔದಾರ್ಯ ಅವನನ್ನು ಸಾಲಗಾರನನ್ನಾಗಿ ಮಾಡುತ್ತದೆ. ಬಿಡುವವರ ತ್ಯಾಗ ಅವನನ್ನು ತಪ್ಪಿತಸ್ಥನನ್ನಾಗಿ ಮಾಡುತ್ತದೆ. ಮೂರನೆಯ ದಾರಿಯೊಂದಿದೆ ಎನ್ನುವವರಿದ್ದಾರೆ. ಗುಟ್ಟಾಗಿ ಟಿಕೆಟ್ಟು ಕೊಂಡು, 'ಮೂರಕ್ಕೆ ಒಂದು ಫ್ರೀ ಇತ್ತು' ಎಂದು ಹೇಳಿಬಿಡುವುದು. ನನಗದು ಒಪ್ಪಿಗೆಯಾಗುವುದಿಲ್ಲ. ಸುಳ್ಳು ಎಂಬುದಕ್ಕಿಂತ ಹೆಚ್ಚಾಗಿ, ಅದು ಅವನಿಗೆ ಗೊತ್ತಿಲ್ಲದಂತೆಯೇ ಅವನ ಮೇಲೆ ಒಂದು ಋಣವನ್ನು ಹೊರಿಸುತ್ತದೆ. ಬೇಕು, ಬೇಡ ಎಂದು ತೀರ್ಮಾನಿಸುವ ಅವನ ಅಧಿಕಾರವನ್ನು ನಾವೇ ತೆಗೆದುಕೊಂಡಂತಾಗುತ್ತದೆ. ಮಕ್ಕಳ ವಿಷಯದಲ್ಲಿ ಹಾಗೆ ಮಾಡುತ್ತೇವೆ. ಗೆಳೆಯ ಮಗುವಲ್ಲ.

ಮಹಾಭಾರತದ ಯಕ್ಷಪ್ರಶ್ನೆಯಲ್ಲಿ ಇದಕ್ಕೆ ಹತ್ತಿರದ ಪ್ರಶ್ನೆಯೊಂದು ಬರುತ್ತದೆ. ಪ್ರವಾಸ ಹೊರಟವನಿಗೆ ಮಿತ್ರ ಯಾರು? ಮನೆಯಲ್ಲಿರುವವನಿಗೆ ಹೆಂಡತಿ ಮಿತ್ರಳು, ರೋಗಿಗೆ ವೈದ್ಯ ಮಿತ್ರ, ಸಾಯುವವನಿಗೆ ದಾನವೇ ಮಿತ್ರ ಎನ್ನುವ ಯುಧಿಷ್ಠಿರ, ಪ್ರವಾಸಿಗೆ ಮಾತ್ರ 'ಸಾರ್ಥ' ಮಿತ್ರ ಎನ್ನುತ್ತಾನೆ. ಭೈರಪ್ಪನವರ ಕಾದಂಬರಿಯ ಹೆಸರಿನಿಂದ ನಮಗೆಲ್ಲ ಪರಿಚಿತವಾದ ಪದ ಅದು. ಸಾರ್ಥವೆಂದರೆ ಗಾಡಿ, ಎತ್ತು, ಸರಕುಗಳೊಂದಿಗೆ ಒಟ್ಟಾಗಿ ಸಾಗುವ ವ್ಯಾಪಾರಿಗಳ ಗುಂಪು. ಅರ್ಥದ ಜೊತೆಗಿರುವುದು ಸಾರ್ಥ. ಅರ್ಥವೆಂದರೆ ಹಣವೂ ಹೌದು, ಉದ್ದೇಶವೂ ಹೌದು. ಬಾಲ್ಯದ ಗೆಳೆಯ, ಮನಸ್ಸು ಬಲ್ಲ ಗೆಳೆಯ ಎಂದೆಲ್ಲ ಯುಧಿಷ್ಠಿರ ಹೇಳಲಿಲ್ಲ. ಜೊತೆಗೆ ಸಾಗುವವರೇ ಮಿತ್ರರು ಅಂದ. ಊರಿನಲ್ಲಿ ಪ್ರೀತಿ ಇದ್ದರೆ ಗೆಳೆತನಕ್ಕೆ ಸಾಕು. ದಾರಿಯಲ್ಲಿ ಪ್ರೀತಿಯೊಂದೇ ಸಾಲದು, ಜೊತೆಗೆ ಸಾಗುವ ಕ್ರಮವೂ ಬೇಕು.

ಆ ಕ್ರಮವನ್ನು ಬಲ್ಲವರು ನಮ್ಮಲ್ಲೇ ಇದ್ದರು. ಐಹೊಳೆಯ ಐನೂರ್ವರು ಎಂಬ ವರ್ತಕ ಸಂಘದ ಹೆಸರು ಕೇಳಿರುತ್ತೀರಿ. ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರು ಹೊತ್ತ ಆ ಸಂಘ ದಕ್ಷಿಣ ಭಾರತದುದ್ದಕ್ಕೂ ಹರಡಿತ್ತು. ಕಡಲಾಚೆಯ ಸುಮಾತ್ರಾದ ಬಾರೂಸಿನಲ್ಲಿ ಸಿಕ್ಕಿರುವ 1088ರ ತಮಿಳು ಶಾಸನದಲ್ಲೂ ಐನೂರ್ವರ ಹೆಸರಿದೆ. ಬೇರೆ ಬೇರೆ ಊರು, ಭಾಷೆ, ಬೇರೆ ಬೇರೆ ಬಂಡವಾಳದ ಜನ ಅವರು. ಅವರ ಶಾಸನಗಳಲ್ಲಿ 'ವೀರ ಬಣಂಜು ಧರ್ಮ' ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ವರ್ತಕರು ಒಟ್ಟಾಗಿ ಒಪ್ಪಿಕೊಂಡ ನಡವಳಿಕೆ ಅದು. ಒಬ್ಬರನ್ನೊಬ್ಬರು ಎಷ್ಟು ಪ್ರೀತಿಸುತ್ತಿದ್ದರೋ ಬಿಟ್ಟರೋ, ಜೊತೆಗೆ ಹೊರಡುವವರಿಗೆ ಒಂದು ಧರ್ಮ ಬೇಕೆಂದು ಅವರಿಗೆ ತಿಳಿದಿತ್ತು. ನಮಗೆ ಪ್ರೀತಿಯಿದೆ, ಆದ್ದರಿಂದ ಧರ್ಮದ ಮಾತು ಬೇಡ ಎಂದುಕೊಳ್ಳುತ್ತೇವೆ. ನಮ್ಮ ಪ್ರೇಮಭಂಗದ ಕಥೆಯನ್ನು ರಾತ್ರಿಯಿಡೀ ಗೆಳೆಯರಿಗೆ ಹೇಳುತ್ತೇವೆ, ಸಿಟಿಸಿ ಎಷ್ಟೆಂದು ಮಾತ್ರ ಹೇಳುವುದಿಲ್ಲ. ಪ್ರವಾಸದ ವಾಟ್ಸ್ಆ್ಯಪ್ ಗುಂಪಿನಲ್ಲಿ 'ಹೌದು' ಎನ್ನಲು ಒಂದು ಹೆಬ್ಬೆರಳಿನ ಚಿತ್ರ ಸಾಕು. 'ಬೇಡ' ಎನ್ನಲು ಕಾರಣ ಕೊಡಬೇಕು. ಹಣವಿಲ್ಲ ಎಂಬುದೇ ಕಾರಣವಾದಾಗ ಅದನ್ನು ಹೇಳುವುದಕ್ಕಿಂತ ಹೆಬ್ಬೆರಳು ಒತ್ತುವುದು ಸುಲಭ.

ಅರಿಸ್ಟಾಟಲನು 'ನಿಕೊಮಾಕಿಯನ್ ಎಥಿಕ್ಸ್' ಗ್ರಂಥದಲ್ಲಿ ಲಾಭಕ್ಕಾಗಿ ಕೂಡಿದ ಸ್ನೇಹದಲ್ಲಿಯೇ ದೂರುಗಳು ಹೆಚ್ಚು ಎನ್ನುತ್ತಾನೆ. ನಿಜ. ಆದರೆ ಆಪ್ತ ಸ್ನೇಹಕ್ಕೆ ಬೇರೊಂದು ಕಷ್ಟವಿದೆ. ಅಲ್ಲಿ ದೂರು ಇದ್ದರೂ ಹೇಳಲಾಗುವುದಿಲ್ಲ.

ಹಾಗಾದರೆ ಎಲ್ಲರೂ ಎಲ್ಲ ಕಡೆಗೂ ಒಟ್ಟಿಗೇ ಹೋಗಬೇಕೆ? ಶಿವಮೊಗ್ಗದವನ ಕಡೆಯಿಂದಲೂ ನೋಡಬೇಕು. ಅವನ ತಾಯಿಗೆ ಆರೋಗ್ಯ ಸರಿಯಿಲ್ಲ. ಇಂಥ ರಜೆ ಮತ್ತೆ ಯಾವಾಗ ಸಿಗುತ್ತದೋ ತಿಳಿಯದು. ಎರಡು ವರ್ಷ ಕೂಡಿಟ್ಟ ದುಡ್ಡು. ಆ ಗುಡ್ಡವನ್ನು ನೋಡಬೇಕೆಂಬ ಆಸೆ ಅವನಿಗಿದ್ದರೆ ಅದರಲ್ಲಿ ಸಣ್ಣತನವೇನಿಲ್ಲ. ಬಡತನಕ್ಕೆ ಮರ್ಯಾದೆ ಕೊಡುವ ಭರದಲ್ಲಿ ಆಸೆಗೆ ಅವಮಾನ ಮಾಡುವುದೂ ತಪ್ಪೇ.

ಕೊನೆಗೆ ನಾವು ಎರಡಾದೆವು. ಇಬ್ಬರು ಗುಡ್ಡಕ್ಕೆ ಹೋದರು. ಕಲಬುರಗಿಯವನೂ ನಾನೂ ಒಂದು ಶೇರ್ ವ್ಯಾನು ಹಿಡಿದು ಮಿ ಸೋನ್‌ಗೆ ಹೋದೆವು. ಅದು ಚಂಪಾ ಅರಸರ ಕಾಲದ ಶಿವಾಲಯಗಳ ಗುಂಪು. ನಾಲ್ಕನೆಯ ಶತಮಾನದಲ್ಲಿ ಭದ್ರವರ್ಮನೆಂಬ ಅರಸ ಭದ್ರೇಶ್ವರನಿಗೆ ಗುಡಿ ಕಟ್ಟಿಸಿದ ಜಾಗ. ಇಟ್ಟಿಗೆಯ ಗೋಪುರಗಳು, ಸುತ್ತ ಕಾಡು, ಹುಲ್ಲಿನ ನಡುವೆ ಬಾಂಬು ಬಿದ್ದ ಗುಂಡಿಗಳು. 1969ರಲ್ಲಿ ಅಮೆರಿಕದ ಬಾಂಬಿಗೆ ಅಲ್ಲಿನ ಅತಿ ದೊಡ್ಡ ಗುಡಿ ಕುಸಿದುಹೋಯಿತು. ಉಳಿದವುಗಳಲ್ಲಿ ಕೆಲವನ್ನು ನಮ್ಮ ಭಾರತೀಯ ಪುರಾತತ್ತ್ವ ಇಲಾಖೆಯವರು ಹೋಗಿ ರಿಪೇರಿ ಮಾಡಿಕೊಟ್ಟಿದ್ದಾರೆ. ಒಂದು ಲಿಂಗದ ಮುಂದೆ ಅವನು ಬಹಳ ಹೊತ್ತು ನಿಂತಿದ್ದ. ಹೊರಗೆ ಬಂದ ಮೇಲೆ ಕೇಳಿದ:

"ಖರೇ ಹೇಳು. ನನ್ನ ಸಲುವಾಗಿ ಬಂದಿಯೋ, ಗುಡಿ ಸಲುವಾಗಿ ಬಂದಿಯೋ?"

"ಎರಡಕ್ಕೂ" ಅಂದೆ. ನಿಜವೂ ಅದೇ ಆಗಿತ್ತು.

"ಗುಡಿ ಸಲುವಾಗಿ ಅನ್ನು. ನನಗ ಅರಾಮ ಅನಸ್ತದ."

ಅವನ ಈ ಮಾತಿನ ಮೇಲೆ ನಾನು ಬಹಳ ಯೋಚಿಸಿದ್ದೇನೆ. ಅವನಿಗೆ ಜೊತೆ ಬೇಡವಾಗಿರಲಿಲ್ಲ. ಜೊತೆಗೆ ಬಂದವನು ಏನನ್ನೋ ಕಳೆದುಕೊಂಡು ಬಂದಿದ್ದಾನೆ ಎಂಬ ಭಾರ ಬೇಡವಾಗಿತ್ತು. ಅವನ ಊರಿನ ಶರಣಬಸವೇಶ್ವರರ ದಾಸೋಹವನ್ನು ನೆನೆದರೆ ಇದು ಸ್ಪಷ್ಟವಾಗುತ್ತದೆ. ದಾನದಲ್ಲಿ ಕೊಡುವವನು ನಿಂತಿರುತ್ತಾನೆ, ತೆಗೆದುಕೊಳ್ಳುವವನು ಕೈಚಾಚುತ್ತಾನೆ. ದಾಸೋಹದಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕೂತು ಉಣ್ಣುತ್ತಾರೆ. ಬಡಿಸುವವನೂ ಆಮೇಲೆ ಅದೇ ಸಾಲಿಗೆ ಬಂದು ಕೂರುತ್ತಾನೆ. ಅನ್ನ ಯಾರ ಮನೆಯಿಂದ ಬಂತೆಂಬುದು ಮುಖ್ಯವಲ್ಲ, ಸಾಲು ಒಂದೇ ಎಂಬುದು ಮುಖ್ಯ. ಗೆಳೆಯನಿಗೆ ಮಾಡುವ ಸಹಾಯದ ಪರೀಕ್ಷೆಯೂ ಇಷ್ಟೇ ಅನ್ನಿಸುತ್ತದೆ. ಸಹಾಯವಾದ ಮೇಲೂ ಇಬ್ಬರೂ ಒಂದೇ ಸಾಲಿನಲ್ಲಿ ಕೂರಬಹುದೆ?

ಯಕ್ಷನಿಗೆ ಉತ್ತರ ಹೇಳಿದ ಯುಧಿಷ್ಠಿರನೇ ಕೊನೆಯ ಪ್ರಯಾಣದಲ್ಲಿ ಮಾಡಿದ್ದನ್ನು ನೋಡಿ. ಮಹಾಪ್ರಸ್ಥಾನದಲ್ಲಿ ದ್ರೌಪದಿ ಬಿದ್ದಳು, ಸಹದೇವ ಬಿದ್ದ, ನಕುಲ, ಅರ್ಜುನ, ಭೀಮ ಬಿದ್ದರು. ಒಬ್ಬೊಬ್ಬರೂ ಯಾಕೆ ಬಿದ್ದರೆಂದು ಕಾರಣ ಹೇಳುತ್ತ ಅವನು ತಿರುಗಿ ನೋಡದೆ ನಡೆದ. ಅವರವರ ದೋಷ ಅವರವರದು ಎಂಬ ಲೆಕ್ಕ ಅದು, ಪೈಸೆಪೈಸೆಗೂ ಸರಿಯಾದ ಲೆಕ್ಕ. ಆದರೆ ಇಂದ್ರನ ರಥ ಬಂದಾಗ ಹಿಂದೆ ಬಂದ ನಾಯಿಯನ್ನು ಬಿಟ್ಟು ಹತ್ತಲಾರೆ ಎಂದು ಹಟ ಹಿಡಿದ. ಮುಂದೆ ನರಕದಲ್ಲಿ ತಮ್ಮಂದಿರ ದನಿ ಕೇಳಿದಾಗ, ನಾನು ಇಲ್ಲೇ ಇರುತ್ತೇನೆ ಎಂದ. ಧರ್ಮರಾಯನಿಗೇ ಸಾರ್ಥದ ಅರ್ಥ ಪೂರ್ತಿಯಾಗಿ ದಕ್ಕಲು ಸ್ವರ್ಗದವರೆಗೂ ನಡೆಯಬೇಕಾಯಿತು. ಬಿದ್ದವರ ದೋಷವನ್ನು ಎಣಿಸುವುದರಿಂದ ಹಿಡಿದು ಅವರಿದ್ದಲ್ಲೇ ತಾನೂ ನಿಲ್ಲುವವರೆಗಿನ ದಾರಿ ಅದು.

ನಮ್ಮ ಪ್ರವಾಸ ಅಷ್ಟು ದೊಡ್ಡ ಮಾತಿನದ್ದಲ್ಲ. ಆದರೂ ನನಗೆ ಸಿಕ್ಕ ಉತ್ತರವನ್ನು ಹೇಳುತ್ತೇನೆ. ಸಮಪಾಲು ಎಂದರೆ ಸಮಾನತೆಯಲ್ಲ. ಮೂರು ಸಾವಿರ ರೂಪಾಯಿ ಒಬ್ಬನಿಗೆ ಒಂದು ಸಂಜೆಯ ಊಟ, ಇನ್ನೊಬ್ಬನಿಗೆ ತಮ್ಮನ ಒಂದು ತಿಂಗಳ ಮೆಸ್ಸು. ಹಾಗೆಂದು ಸಂಬಳದ ಪ್ರಮಾಣದಲ್ಲಿ ಪಾಲು ಹಾಕಿದರೂ ಸರಿಹೋಗದು, ಅಲ್ಲಿಯೂ ಒಬ್ಬ ಕೊಡುವವನು, ಒಬ್ಬ ಕೊಡಿಸಿಕೊಂಡವನು ಉಳಿಯುತ್ತಾನೆ. ಸಾರ್ಥದ ಗಾಡಿಗಳು ಒಟ್ಟಿಗೆ ಉಳಿಯಬೇಕಾದರೆ ಅತಿ ನಿಧಾನದ ಎತ್ತಿನ ಹೆಜ್ಜೆಗೆ ಉಳಿದವು ಹೆಜ್ಜೆ ಹಾಕಬೇಕು. ಗೆಳೆಯರ ಪ್ರವಾಸದಲ್ಲೂ ಮಲಗುವುದು, ಉಣ್ಣುವುದು, ಊರಿಂದೂರಿಗೆ ಹೋಗುವುದು, ಅಂದರೆ ಎಲ್ಲರೂ ತಪ್ಪಿಸಿಕೊಳ್ಳಲಾಗದ ಖರ್ಚು, ಅತಿ ತೆಳುವಾದ ಜೇಬಿಗೆ ಹೊಂದುವಂತಿರಬೇಕು. ಅದಕ್ಕೆ ಮೇಲಿನದು, ಗುಡ್ಡವೋ ಹಡಗೋ, ಬೇಕಾದವರಿಗೆ ಬಿಟ್ಟದ್ದು. ಅಲ್ಲಿ 'ಬೇಡ' ಎಂದವನನ್ನು ಯಾಕೆಂದು ಕೇಳಬಾರದು. 'ಬೇಕು' ಎಂದವನು ತಪ್ಪಿತಸ್ಥನಂತೆ ಹೋಗಬಾರದು. ಕಾರಣ ಹೇಳದೆ ಬೇಡ ಎನ್ನುವ ಹಕ್ಕನ್ನು ಹೊರಡುವ ಮೊದಲೇ ಎಲ್ಲರಿಗೂ ಕೊಟ್ಟಿರಬೇಕು. ಟಿಕೆಟ್ಟು ಬುಕ್ ಆದ ಮೇಲೆ ಕೊಟ್ಟರೆ ಅದು ಹಕ್ಕಲ್ಲ, ರಿಯಾಯಿತಿ.

ಆ ರಾತ್ರಿ ಹೊಯ್ ಆನ್‌ನ ಹೊಳೆದಂಡೆಯಲ್ಲಿ ನಾಲ್ವರೂ ಸೇರಿದೆವು. ಗುಡ್ಡದವರು ಮಂಜಿನಲ್ಲಿ ಸೇತುವೆಯೇ ಕಾಣದೆ ಅರ್ಧ ದಿನ ಕಾದದ್ದನ್ನು ಹೇಳಿದರು. ಕಲಬುರಗಿಯವನು ಬಾಂಬಿನ ಗುಂಡಿಯ ಪಕ್ಕದಲ್ಲಿ ಉಳಿದ ಲಿಂಗದ ಕಥೆ ಹೇಳಿದ. ಹೊಸಪೇಟೆಯವನು ಹಂಪಿಯನ್ನು ನೋಡುತ್ತ ಬೆಳೆದವನು, ಕಲ್ಲು ಬಿದ್ದ ಗುಡಿಯ ಮಾತು ಬಂದರೆ ಬಿಡುವವನಲ್ಲ, ಒಂದರ ಮೇಲೊಂದು ಪ್ರಶ್ನೆ ಕೇಳಿದ. ನಾಲ್ವರೂ ಒಂದೇ ಜಾಗವನ್ನು ನೋಡಿ ಬಂದಿದ್ದರೆ ಇಷ್ಟು ಮಾತು ಇರುತ್ತಿರಲಿಲ್ಲ. ಬೇರೆಯಾಗಿ ಹೋಗಿ ಬಂದವರು ಒಬ್ಬರ ಮಾತನ್ನೊಬ್ಬರು ಹೊಟ್ಟೆಕಿಚ್ಚಿಲ್ಲದೆ, ಕೀಳರಿಮೆಯಿಲ್ಲದೆ ಕೇಳಿಸಿಕೊಳ್ಳಬಲ್ಲರಾದರೆ ಆ ಸಾರ್ಥ ಒಡೆದಿಲ್ಲವೆಂದೇ ಅರ್ಥ. ಈಗ ಮುಂದಿನ ವರ್ಷದ ಮಾತು ನಡೆದಿದೆ. ಎಲ್ಲಿಗೆಂದು ಇನ್ನೂ ತೀರ್ಮಾನವಾಗಿಲ್ಲ. ತಲೆಗೆ ಎಷ್ಟು ಮೀರಬಾರದೆಂದು ಮಾತ್ರ ತೀರ್ಮಾನವಾಗಿದೆ. ಆ ಮೊತ್ತವನ್ನು ಮೊದಲು ಹೇಳಿದವನು ಕಲಬುರಗಿಯವನು. ಯಾರೂ ಕಾರಣ ಕೇಳಲಿಲ್ಲ.