ಕೆಳಗಿನ ದಿಕ್ಕು



*ಇಂದಿನ ಧಮ್ಮ ಚಿಂತನೆ*

ಧಮ್ಮ ಬಂಧುಗಳೇ,

ದೀಕ್ಷಾಭೂಮಿಗೆ ಹೊರಟ ನಮ್ಮ ಪ್ರಯಾಣದ ಸುದ್ದಿಯನ್ನು ಬಳಗದ ಹಲವರು ದಿನಾ ಕೇಳುತ್ತಿದ್ದೀರಿ. ಬ್ರಹ್ಮಗಿರಿ, ಮಸ್ಕಿ, ಸನ್ನತಿಯ ಫೋಟೋಗಳನ್ನು ಈಗಾಗಲೇ ಹಾಕಿದ್ದೇವೆ. ಕಲಬುರಗಿಯಲ್ಲಿ ಕಳೆದ ದಿನದ ಫೋಟೋ ಮಾತ್ರ ಹಾಕಿಲ್ಲ. ಅವತ್ತು ನೋಡಿದ್ದು ಗ್ಯಾರೇಜು, ಟೈರ್ ಅಂಗಡಿ, ಔಷಧಿ ಅಂಗಡಿ ಅಷ್ಟೇ. ಆದರೆ ಇಷ್ಟು ದಿನದಲ್ಲಿ ನನಗೆ ಹೆಚ್ಚು ಪಾಠ ಕಲಿಸಿದ್ದು ಆ ದಿನವೇ. ಅದನ್ನು ಮುಚ್ಚಿಡದೆ ಬರೆಯುತ್ತೇನೆ. ತಪ್ಪು ನನ್ನದು.

ನಮ್ಮ ಗಾಡಿ ನಿಮಗೆಲ್ಲ ಗೊತ್ತು. ಬಳಗದವರು ಕೈಲಾದಷ್ಟು ಹಾಕಿ ಕೊಂಡ ಹಳೇ ಟೆಂಪೋ ಟ್ರಾವೆಲರ್. ಅದರ ಕೀಲಿ ಕೈಗೆ ಬಂದ ದಿನ ನನಗೆ ನಮ್ಮಪ್ಪ ನೆನಪಾಗಿದ್ದರು. ಗೌಡರ ಎತ್ತಿನ ಗಾಡಿ ರಾತ್ರಿ ಹೊತ್ತು ಸಂತೆಯಿಂದ ಬರುವಾಗ ಅಪ್ಪ ಲಾಟೀನು ಹಿಡಿದು ಮುಂದೆ ಮುಂದೆ ನಡೆಯುತ್ತಿದ್ದರು. ಗಾಡಿಯಲ್ಲಿ ಜಾಗ ಇದ್ದರೂ ಹತ್ತುವ ಹಾಗಿರಲಿಲ್ಲ. ಆ ಅಪ್ಪನ ಮಗ ಈಗ ಒಂದು ಗಾಡಿಯ ಪಾಲುದಾರ ಎಂದು ಹೆಮ್ಮೆಪಟ್ಟಿದ್ದೆ.

ಮೈಸೂರಿನಿಂದ ಹೊರಟಾಗ ನಾವು 12 ಜನ. ಗಾಡಿ ಓಡಿಸಲು ಒಬ್ಬ ಹುಡುಗನನ್ನು ದಿನಗೂಲಿಗೆ ಗೊತ್ತು ಮಾಡಿದ್ದೆವು. ಮೂರು ದಿನ ಓಡುವಷ್ಟರಲ್ಲಿ ಗಾಡಿಯ ಕೊರತೆಗಳೆಲ್ಲ ಗೊತ್ತಾದವು. ಹಿಂದಿನ ಎರಡು ಟೈರು ಸವೆದಿದ್ದವು. ಬ್ರೇಕ್ ಕಿರುಗುಟ್ಟುತ್ತಿತ್ತು. ಮೆಟ್ಟಿಲು ಎತ್ತರವಾಗಿ ವಯಸ್ಸಾದವರಿಗೆ ಹತ್ತಲು ಆಗುತ್ತಿರಲಿಲ್ಲ. ಹಾಗಾಗಿ ಕಲಬುರಗಿಯಲ್ಲಿ ಒಂದು ದಿನ ನಿಂತು ಎಲ್ಲ ಸರಿಮಾಡಿಸಿಕೊಳ್ಳೋಣ ಎಂದು ತೀರ್ಮಾನಿಸಿದೆವು. ಲೆಕ್ಕ ಬರೆಯುವವನು ನಾನು. ರಾತ್ರಿಯೇ ಎಲ್ಲರನ್ನೂ ಕೇಳಿ ಪಟ್ಟಿ ಮಾಡಿದೆ. ಎರಡು ಟೈರು, ಬ್ರೇಕ್ ಪ್ಯಾಡು, ಕಿಟಕಿಗೆ ಪರದೆ, ಮೊಬೈಲ್ ಚಾರ್ಜ್ ಮಾಡುವ ಪಾಯಿಂಟು, ನಾಲ್ಕು ಸಣ್ಣ ಫ್ಯಾನು, ಅಜ್ಜಿಯರಿಗೆ ಕೆಳಗೊಂದು ಹೆಚ್ಚಿನ ಮೆಟ್ಟಿಲು, ಮೇಲಿನ ಕ್ಯಾರಿಯರ್‌ಗೆ ಟಾರ್ಪಾಲು, 20 ಲೀಟರಿನ ನೀರಿನ ಕ್ಯಾನಿಗೆ ಸ್ಟ್ಯಾಂಡು, ಬಿಪಿ ಮಾತ್ರೆ, ಪಂಚಶೀಲ ಧ್ವಜ, ಮೇಣದಬತ್ತಿ, ಹೀಗೆ ಒಟ್ಟು 14 ಬಾಬ್ತು.

ಬೆಳಿಗ್ಗೆ ಒಂಬತ್ತಕ್ಕೆ ಗ್ಯಾರೇಜಿಗೆ ಗಾಡಿ ಬಿಟ್ಟೆವು. ಅರ್ಧ ಜನ ಅಂಗಡಿಗಳಿಗೆ ಹೋದರು. ಜಗತ್ ವೃತ್ತದಲ್ಲಿ ಬಾಬಾಸಾಹೇಬರ ಪ್ರತಿಮೆಗೆ ಹಾರ ಹಾಕಿ ಬಂದರು. ನಾನು ಬಿಸಿಲಲ್ಲಿ ಪಟ್ಟಿ ಹಿಡಿದು ಗ್ಯಾರೇಜಿನಲ್ಲೇ ನಿಂತಿದ್ದೆ. ಮೇಸ್ತ್ರಿ ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿ ಕೆಲಸ ಮಾಡುತ್ತಿದ್ದ. ಒಂದೊಂದು ಕೆಲಸ ಮುಗಿದ ಹಾಗೆ ನಾನು ಒಂದೊಂದು ಗೆರೆ ಹೊಡೆಯುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಮುಕ್ಕಾಲು ಪಟ್ಟಿ ಮುಗಿದಿತ್ತು. ಮೇಸ್ತ್ರಿ ಬ್ರೇಕ್ ನೋಡಲು ಡ್ರೈವರ್ ಸೀಟಿನ ಮೇಲೆ ಕೂತವನೇ ಥಟ್ಟನೆ ಎದ್ದ.

"ಏನ್ರೀ ಸರ್ ಇದು? ಗಾಡಿಗಿ ಎಲ್ಲಾ ಹಾಕ್ಸಾಕತ್ತೀರಿ. ಈ ಸೀಟ್ ನೋಡೀರೇನು? ಇದರ ಮ್ಯಾಲ ಕುಂತು ಆ ಹುಡುಗ ಹ್ಯಾಂಗ ಹೊಡದಾನ್ರೀ ಗಾಡಿ?"

ಹೋಗಿ ನೋಡಿದೆ. ಸೀಟಿನ ಮೇಲೆ ಮಡಿಸಿದ ಟವೆಲ್ ಒಂದನ್ನು ದಾರದಿಂದ ಕಟ್ಟಿತ್ತು. ಬಿಚ್ಚಿದರೆ ಕೆಳಗೆ ಸ್ಪಂಜು ಪೂರ್ತಿ ಹೋಗಿ ಸ್ಪ್ರಿಂಗು ಮೇಲಕ್ಕೆ ಬಂದಿತ್ತು. ನಮ್ಮ 14 ಬಾಬ್ತಿನ ಪಟ್ಟಿಯಲ್ಲಿ ಡ್ರೈವರ್ ಸೀಟು ಇರಲಿಲ್ಲ. ಪಟ್ಟಿ ಮಾಡುವಾಗ ಅವನನ್ನು ಯಾರೂ ಕೇಳಿರಲಿಲ್ಲ.

"ಯಾಕಪ್ಪ ಹೇಳಲಿಲ್ಲ?" ಅಂದೆ.

"ನಿಮ್ಮ ಖರ್ಚೇ ಜಾಸ್ತಿ ಆಗಿದೆಯಲ್ಲ ಅಣ್ಣ, ಅಡ್ಜಸ್ಟ್ ಆಗುತ್ತೆ" ಅಂದ. ಒಂದು ಕೈ ಸೊಂಟದ ಮೇಲೇ ಇತ್ತು.

ಅವನನ್ನು ಪಕ್ಕದ ಟೀ ಅಂಗಡಿಗೆ ಕರೆದೆ. ಬಂದ, ಆದರೆ ಬೆಂಚಿನ ಮೇಲೆ ಕೂರದೆ ಲೋಟ ಹಿಡಿದು ನಿಂತೇ ಇದ್ದ. ಆಗ ಮೂರು ದಿನದ್ದೆಲ್ಲ ಒಂದೊಂದಾಗಿ ಕಣ್ಣಿಗೆ ಬಂತು. ಅವನು ನಮ್ಮ ಜೊತೆ ಒಂದು ಹೊತ್ತೂ ಕೂತು ಉಂಡಿರಲಿಲ್ಲ. ನಾವು ಎದ್ದ ಮೇಲೆ ತಟ್ಟೆ ತಗೊಂಡು ಗಾಡಿ ಹತ್ತಿರ ಹೋಗುತ್ತಿದ್ದ. ರಾತ್ರಿ ಗಾಡಿಯಲ್ಲೇ ಮಲಗುತ್ತಿದ್ದ. ನಮ್ಮ ಕ್ಯಾನಿನ ನೀರನ್ನು ಮುಟ್ಟದೆ ತನ್ನದೇ ಬಾಟಲಿ ಇಟ್ಟುಕೊಂಡಿದ್ದ. ಗಾಡಿ ಕಾಯುವ ಜವಾಬ್ದಾರಿ ಇರಬೇಕು ಎಂದುಕೊಂಡು ನಾವು ಸುಮ್ಮನಿದ್ದೆವು.

ಯಾಕೆ ಹೀಗೆ ಎಂದು ಕೇಳಿದೆ. ತುಂಬ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ಮೊದಲನೇ ದಿನ ತುಮಕೂರು ಹತ್ತಿರ ಟೀಗೆ ನಿಲ್ಲಿಸಿದಾಗ ನೀವು ಕೇಳಿದ್ರಲ್ಲ ಅಣ್ಣ, ನಿಮ್ಮ ಕಡೆಯೋರು ಯಾರಪ್ಪ ಅಂತ. ಹೇಳಿದೆ. ನೀವು ಹೂಂ ಅಂದು ಆ ಕಡೆ ತಿರುಗಿದ್ರಿ. ಸುಮ್ಮನೆ ಯಾಕೆ ತೊಂದರೆ ಅಂತ ನಾನೇ ದೂರ ಇದ್ದೆ" ಅಂದ.

ಬಂಧುಗಳೇ, ನಾನು ಕೇಳಿದ್ದು ನಿಜ. ಪರಿಚಯಕ್ಕೆ ಕೇಳಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಪರಿಚಯಕ್ಕೆ ಹೆಸರು ಕೇಳಬಹುದು, ಊರು ಕೇಳಬಹುದು, ಅಪ್ಪ ಅಮ್ಮ ಹೇಗಿದ್ದಾರೆ ಎಂದು ಕೇಳಬಹುದು. ಜಾತಿ ಕೇಳುವುದು ಯಾವ ಪರಿಚಯ? ಅವನು ಯಾವ ಜನ ಎಂದು ಇಲ್ಲಿ ಬರೆಯುವುದಿಲ್ಲ. ಬರೆದರೆ ಅದೇ ತಪ್ಪನ್ನು ಇನ್ನೊಂದು ಸಲ ಮಾಡಿದ ಹಾಗಾಗುತ್ತದೆ. ಓದುವ ನಮ್ಮಲ್ಲೂ ಕೆಲವರು ಅದನ್ನೇ ತಿಳಿಯಲು ಕಾಯುತ್ತಿರಬಹುದು. ಅಂಥ ಕುತೂಹಲ ಎದ್ದಿದ್ದರೆ ಒಂದು ಕ್ಷಣ ಅದನ್ನೇ ನೋಡಿಕೊಳ್ಳಿ. ಗಮನವಿಟ್ಟು ನೋಡಬೇಕಾದದ್ದು ಅದೇ.

ಬಾಬಾಸಾಹೇಬರು 'ವೀಸಾಗಾಗಿ ಕಾಯುತ್ತಾ' ಎಂಬ ಬರಹದಲ್ಲಿ ತಮ್ಮ ಪ್ರಯಾಣಗಳ ಕಥೆ ಹೇಳಿದ್ದಾರೆ. 1901ರಲ್ಲಿ, ಹತ್ತು ವರ್ಷದ ಹುಡುಗ, ಅಣ್ಣ ಮತ್ತು ಅಕ್ಕನ ಮಕ್ಕಳ ಜೊತೆ ತಂದೆಯನ್ನು ನೋಡಲು ಹೊರಟು ಮಸೂರು ರೈಲು ನಿಲ್ದಾಣದಲ್ಲಿ ಇಳಿಯುತ್ತಾರೆ. ಯಾರು ನೀವು ಎಂದು ಸ್ಟೇಷನ್ ಮಾಸ್ತರು ಕೇಳುತ್ತಾರೆ. ಮಹಾರರು ಎಂದು ಗೊತ್ತಾದ ಮೇಲೆ ಯಾವ ಬಂಡಿಯವನೂ ಬರುವುದಿಲ್ಲ. ಕೊನೆಗೆ ಎರಡು ಪಟ್ಟು ಬಾಡಿಗೆ ಕೊಟ್ಟು ಮಕ್ಕಳೇ ಬಂಡಿ ಹೊಡೆಯಬೇಕಾಗುತ್ತದೆ. ಬಂಡಿಯವನು ಪಕ್ಕದಲ್ಲಿ ನಡೆದು ಬರುತ್ತಾನೆ. ದಾರಿಯಲ್ಲಿ ಕುಡಿಯಲು ನೀರು ಸಿಗುವುದಿಲ್ಲ. ಬುತ್ತಿ ಇದ್ದರೂ ನೀರಿಲ್ಲದೆ ಆ ರಾತ್ರಿ ಹಸಿದೇ ಮಲಗುತ್ತಾರೆ.

ಮುಂದೆ 1929ರಲ್ಲಿ, ಬ್ಯಾರಿಸ್ಟರ್ ಆಗಿ ಸರ್ಕಾರದ ಸಮಿತಿಯ ಸದಸ್ಯರಾಗಿದ್ದಾಗ, ಚಾಳೀಸ್‌ಗಾಂವ್‌ನಲ್ಲಿ ಅವರನ್ನು ಟಾಂಗಾದಲ್ಲಿ ಕರೆದೊಯ್ಯಲು ಟಾಂಗಾವಾಲಾಗಳು ಒಪ್ಪಲಿಲ್ಲ. ಗಾಡಿ ಹೊಡೆಯಲು ಬಾರದ ನಮ್ಮ ಜನರಲ್ಲೊಬ್ಬರು ಹೊಡೆದರು. ಸೇತುವೆಯ ಮೇಲೆ ಟಾಂಗಾ ಅಪಘಾತವಾಗಿ ಬಾಬಾಸಾಹೇಬರು ಕಲ್ಲಿನ ಮೇಲೆ ಬಿದ್ದು ಕಾಲು ಮುರಿಯಿತು.

ಈ ಎರಡು ಕಥೆಗಳನ್ನು ನಾನು ಎಷ್ಟೋ ಸಭೆಗಳಲ್ಲಿ ಹೇಳಿದ್ದೇನೆ. ಹೇಳುವಾಗಲೆಲ್ಲ ನಾನು ಆ ಹುಡುಗನ ಜಾಗದಲ್ಲೇ ನಿಂತಿದ್ದೆ. ಟೀ ಅಂಗಡಿಯ ಮುಂದೆ ಮೊದಲ ಸಲ ಇನ್ನೊಂದು ಜಾಗ ಕಾಣಿಸಿತು. ಅಲ್ಲಿ 'ಯಾರು ನೀವು' ಎಂದು ಕೇಳಿದ ಮಾಸ್ತರು ಇದ್ದರು. ಇಲ್ಲಿ ಕೇಳಿದವನು ನಾನು. ಶ್ರೇಣೀಕೃತ ಅಸಮಾನತೆ ಎಂದು ಬಾಬಾಸಾಹೇಬರು ಹೇಳಿದ್ದು ಇದನ್ನೇ. ಪ್ರತಿ ಮೆಟ್ಟಿಲಿನವನಿಗೂ ತುಳಿಯಲು ಇನ್ನೊಂದು ಮೆಟ್ಟಿಲು ಕೊಟ್ಟಿರುತ್ತಾರೆ. ದೀಕ್ಷೆ ಪಡೆದಾಗ ನಾನು ಹೇಳಿದ 22 ಪ್ರತಿಜ್ಞೆಗಳಲ್ಲಿ 9 ಮತ್ತು 10ನೆಯವು ಸಮಾನತೆಯವು. ಸಮಾನತೆಯನ್ನು ನಂಬುವುದು ಒಂದು, ಅದನ್ನು ನೆಲೆಗೊಳಿಸಲು ಶ್ರಮಿಸುವುದು ಇನ್ನೊಂದು. ಒಂಬತ್ತನ್ನು ನಾನು ಪಾಲಿಸುತ್ತಿದ್ದೆ. ಹತ್ತು ಟವೆಲ್ಲಿನ ಕೆಳಗೆ ಮುಚ್ಚಿಹೋಗಿತ್ತು.

ಸಿಗಾಲೋವಾದ ಸುತ್ತ ನಮ್ಮ ಬಳಗದಲ್ಲಿ ಓದಿದ್ದೇವೆ. ರಾಜಗೃಹದಲ್ಲಿ ಸಿಗಾಲ ಎಂಬ ಗೃಹಸ್ಥನ ಮಗ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಆರು ದಿಕ್ಕುಗಳಿಗೂ ಕೈ ಮುಗಿಯುತ್ತಿದ್ದ. ತಂದೆ ಸಾಯುವಾಗ ಹೇಳಿದ್ದರು, ಅದಕ್ಕೆ ಮಾಡುತ್ತಿದ್ದ. ಬುದ್ಧ ಭಗವಾನರು ಅವನಿಗೆ ದಿಕ್ಕುಗಳ ನಿಜವಾದ ಅರ್ಥ ತಿಳಿಸಿದರು. ಪೂರ್ವ ಎಂದರೆ ತಂದೆ ತಾಯಿ, ದಕ್ಷಿಣ ಗುರುಗಳು, ಪಶ್ಚಿಮ ಹೆಂಡತಿ ಮಕ್ಕಳು, ಉತ್ತರ ಗೆಳೆಯರು, ಮೇಲಿನದು ಶ್ರಮಣರು. ಕೆಳಗಿನ ದಿಕ್ಕು ಎಂದರೆ ನಮಗಾಗಿ ದುಡಿಯುವವರು. ಆ ದಿಕ್ಕನ್ನೂ ಗೌರವಿಸಬೇಕು ಎಂದರು. ಮಾಲೀಕನಿಗೆ ಐದು ಕರ್ತವ್ಯ ಹೇಳಿದರು: ಶಕ್ತಿಗೆ ತಕ್ಕ ಕೆಲಸ ಕೊಡಬೇಕು, ಊಟ ಮತ್ತು ಕೂಲಿ ಕೊಡಬೇಕು, ಕಾಯಿಲೆ ಬಿದ್ದರೆ ನೋಡಿಕೊಳ್ಳಬೇಕು, ವಿಶೇಷವಾದ ತಿನಿಸಿದ್ದರೆ ಹಂಚಿಕೊಳ್ಳಬೇಕು, ಸಮಯಕ್ಕೆ ಬಿಡುವು ಕೊಡಬೇಕು. ಬಾಬಾಸಾಹೇಬರು 'ಬುದ್ಧ ಮತ್ತು ಅವನ ಧಮ್ಮ'ದಲ್ಲಿ ಗೃಹಸ್ಥರ ವಿನಯ ಹೇಳುವಾಗ ಇದನ್ನೂ ಸೇರಿಸಿದ್ದಾರೆ. ಅಶೋಕ ಚಕ್ರವರ್ತಿಯ ಶಾಸನಗಳೂ ದಾಸರು ಮತ್ತು ಕೂಲಿಯಾಳುಗಳ ಜೊತೆ ಸರಿಯಾಗಿ ನಡೆದುಕೊಳ್ಳುವುದನ್ನು ಧಮ್ಮದ ಆಚರಣೆಯಲ್ಲೇ ಎಣಿಸುತ್ತವೆ.

ಆ ಐದನ್ನು ಇಟ್ಟುಕೊಂಡು ನಮ್ಮ ಮೂರು ದಿನ ಅಳೆದು ನೋಡಿದೆ. ಕೂಲಿ ಕೊಟ್ಟಿದ್ದೆವು, ಊಟ ಕೊಟ್ಟಿದ್ದೆವು. ಉಳಿದ ಯಾವುದೂ ಇರಲಿಲ್ಲ. ಮೊದಲನೇ ದಿನ ಬೆಳಗಿನ ಐದರಿಂದ ಸಂಜೆ ಏಳರವರೆಗೆ ಅವನೇ ಓಡಿಸಿದ್ದ, 14 ಗಂಟೆ. ಬಾಬಾಸಾಹೇಬರು 1942ರಿಂದ 1946ರವರೆಗೆ ವೈಸ್‌ರಾಯ್ ಮಂಡಳಿಯಲ್ಲಿ ಕಾರ್ಮಿಕ ಸದಸ್ಯರಾಗಿದ್ದರು. ಕಾರ್ಖಾನೆ ಕೆಲಸಗಾರರ ವಾರದ ದುಡಿಮೆಯನ್ನು 48 ಗಂಟೆಗೆ ಇಳಿಸುವ ಮಸೂದೆಯನ್ನು ಮಂಡಿಸಿದವರು ಅವರು. ಏಪ್ರಿಲ್ 14ರಂದು ಅದನ್ನು ವೇದಿಕೆಯ ಮೇಲೆ ಹೇಳಿ ಚಪ್ಪಾಳೆ ತೆಗೆದುಕೊಂಡವನು ನಾನೇ.

ಅವತ್ತು ಆಮೇಲೆ ಆದದ್ದು ಇಷ್ಟು. ಪರದೆ ಮತ್ತು ಫ್ಯಾನಿನ ದುಡ್ಡನ್ನು ಸೀಟಿಗೆ ತಿರುಗಿಸಿದೆವು. ಕುಶನ್ ಅಂಗಡಿಯವರು ಹೊಸ ಸ್ಪ್ರಿಂಗು, ಗಟ್ಟಿ ಸ್ಪಂಜು, ರೆಕ್ಸಿನ್ ಹಾಕಿ, ಸೊಂಟಕ್ಕೆ ಆಸರೆಯಾಗುವ ಹಾಗೆ ಸಂಜೆಯೊಳಗೆ ಮಾಡಿಕೊಟ್ಟರು. ಕೂತು ನೋಡಲು ಅವನನ್ನೇ ಕರೆದರು. ಎತ್ತರ ಎರಡು ಸಲ ಸರಿಮಾಡಿಸಿಕೊಂಡ. ಅವನು ಬಾಯಿಬಿಟ್ಟು ಇದು ಬೇಕು ಎಂದದ್ದನ್ನು ನಾನು ಕೇಳಿದ್ದು ಅದೇ ಮೊದಲು. ಸೊಂಟಕ್ಕೆ ಔಷಧಿ ತಂದೆವು. ಕಲಬುರಗಿಯಿಂದ ನಾಗಪುರಕ್ಕೆ ಒಂದೇ ದಿನದಲ್ಲಿ ಹೋಗುವ ಯೋಜನೆ ಬಿಟ್ಟು ನಾಂದೇಡ್‌ನಲ್ಲಿ ರಾತ್ರಿ ತಂಗುವುದು ಎಂದಾಯಿತು. ಫ್ಯಾನಿಲ್ಲದೆ ಸೆಕೆ ಆಗುತ್ತದಲ್ಲ ಎಂದು ಒಬ್ಬರು ಗೊಣಗಿದರು. ಅದನ್ನೂ ಮುಚ್ಚಿಡುವುದಿಲ್ಲ.

ಸಂಜೆ ವಿಶ್ವವಿದ್ಯಾಲಯದ ಹತ್ತಿರದ ಬುದ್ಧ ವಿಹಾರಕ್ಕೆ ಹೋದೆವು. ಅವನು ಎಂದಿನ ಹಾಗೆ ಗಾಡಿ ಹತ್ತಿರ ನಿಂತ. ನಾನು ಹೋಗಿ ಕರೆದೆ. "ನಾನು ದೀಕ್ಷೆ ತಗೊಂಡಿಲ್ಲ ಅಣ್ಣ" ಅಂದ. ನಮ್ಮ ಜೊತೆಗಿದ್ದ ಅಜ್ಜಿ ಹೊಸ ಮೆಟ್ಟಿಲಿನಿಂದ ಇಳಿಯುತ್ತಾ, "ಬುದ್ಧ ಕೇಳಿ ಒಳಗೆ ಬಿಡ್ತಾನೇನೋ ಮಗಾ? ಬಾ, ನನ್ನ ಕೈ ಹಿಡ್ಕೊ, ನಂಗೆ ಮೆಟ್ಲು ಹತ್ತಕ್ಕಾಗಲ್ಲ" ಅಂದರು. ಹಿಡಿದುಕೊಂಡು ಒಳಗೆ ಬಂದ. ತಿಸರಣ ಪಂಚಶೀಲ ಹೇಳುವಾಗ ಹಿಂದಿನ ಸಾಲಿನಲ್ಲಿ ಸುಮ್ಮನೆ ಕೂತಿದ್ದ.

ಹೊರಗೆ ಬಂದ ಮೇಲೆ ಎಲ್ಲರ ಮುಂದೆ ಅವನ ಕ್ಷಮೆ ಕೇಳಿದೆ. ಕೇಳಿದ್ದು ಎಲ್ಲರ ಎದುರಲ್ಲೇ ಆಗಿತ್ತು, ಕ್ಷಮೆಯೂ ಎಲ್ಲರ ಎದುರಲ್ಲೇ ಆಗಬೇಕಿತ್ತು. "ಆಯ್ತು ಬಿಡಿ ಅಣ್ಣ" ಅಂದ. ರಾತ್ರಿ ಒಂದೇ ಸಾಲಿನಲ್ಲಿ ಕೂತು ಜೋಳದ ರೊಟ್ಟಿ, ಶೇಂಗಾ ಹಿಂಡಿ ಉಂಡೆವು. ರೂಮಿನಲ್ಲೇ ಹಾಸಿಗೆ ಹಾಸಿದೆವು.

ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಇವತ್ತು ಬೆಳಿಗ್ಗೆ ನಾಂದೇಡ್ ಬಿಡುವಾಗಲೂ ಅವನು ತನ್ನ ಬಾಟಲಿಯ ನೀರನ್ನೇ ಕುಡಿದ. ಬಾಯಿ ತಪ್ಪಿಯೂ ಒತ್ತಾಯ ಮಾಡಬಾರದು ಎಂದು ಎಲ್ಲರಿಗೂ ಹೇಳಿದ್ದೇನೆ. ಒಂದು ಪ್ರಶ್ನೆಯಿಂದ ಆದ ಗಾಯ ಒಂದು ಊಟದಿಂದ ಮಾಯುವುದಿಲ್ಲ. ಯಾವ ನೀರು ಕುಡಿಯಬೇಕು ಎನ್ನುವುದು ಅವನಿಗೆ ಬಿಟ್ಟದ್ದು. ಕ್ಯಾನಿನ ಪಕ್ಕ 13ನೇ ಲೋಟ ಇಡುವುದು ನಮ್ಮ ಕೆಲಸ. ಇಟ್ಟಿದ್ದೇವೆ.

ನಮ್ಮ ಜನ ಈಗ ಮನೆ ಕಟ್ಟುತ್ತಿದ್ದೇವೆ, ಗಾಡಿ ಕೊಳ್ಳುತ್ತಿದ್ದೇವೆ, ಮನೆಗೆಲಸಕ್ಕೆ ಜನ ಇಟ್ಟುಕೊಳ್ಳುತ್ತಿದ್ದೇವೆ. ಬಾಬಾಸಾಹೇಬರ ಹೋರಾಟದ ಫಲ ಅದು, ಸಂತೋಷಪಡಬೇಕು. ಜೊತೆಗೆ ಹಿಂದೆ ಯಾವತ್ತೂ ಇರದಿದ್ದ ಒಂದು ದಿಕ್ಕು ನಮ್ಮ ಪಾಲಿಗೆ ಬಂದಿದೆ. ಇಷ್ಟು ಕಾಲ ನಾವೇ ಆ ಕೆಳಗಿನ ದಿಕ್ಕಾಗಿದ್ದೆವು. ಅಲ್ಲಿ ನಿಂತಾಗ ನಮಗೆ ಏನು ಬೇಕಿತ್ತು ಎಂದು ಇನ್ನೂ ನೆನಪಿದೆ. ಆ ನೆನಪು ಇರುವಾಗಲೇ ಅದನ್ನು ಕೊಡಬೇಕು.

*ಇಂದಿನ ಅಭ್ಯಾಸ:* ನಿಮಗಾಗಿ ದುಡಿಯುವ ಒಬ್ಬರನ್ನು ನೆನೆಯಿರಿ. ಡ್ರೈವರ್ ಇರಬಹುದು, ಮನೆಗೆಲಸದವರು, ಕಸ ಒಯ್ಯುವವರು, ಗಾರೆ ಕೆಲಸದವರು ಇರಬಹುದು. ಐದು ಕರ್ತವ್ಯಗಳನ್ನು ಇಟ್ಟುಕೊಂಡು ನೋಡಿ, ಯಾವುದು ಬಾಕಿ ಇದೆ? ಒಂದನ್ನಾದರೂ ಇವತ್ತೇ ಮಾಡಿ. ಕೂತುಕೊಳ್ಳಲು ಅವರಿಗೆ ಏನಿದೆ ಎಂದು ನೋಡಿ. ಮತ್ತು ಯಾರನ್ನೂ 'ನೀವು ಯಾರ ಪೈಕಿ' ಎಂದು ಕೇಳಬೇಡಿ.

ನಿನ್ನೆ ರಾತ್ರಿ ಲೆಕ್ಕದ ಪುಸ್ತಕ ತೆಗೆದಾಗ ಹಿಂದಿನ ಪುಟಗಳಲ್ಲೆಲ್ಲ 'ಊಟ, 12 ಜನ' ಎಂದಿತ್ತು. ಡ್ರೈವರ್ ಬಾಟಾ ಕೆಳಗೆ ಬೇರೆಯಾಗಿತ್ತು. ಬಾಟಾ ಹಾಗೇ ಉಳಿಸಿದ್ದೇನೆ, ಅದು ಅವನ ಹಕ್ಕು. ಊಟದ ಸಾಲಿನಲ್ಲಿ ಈಗ 13 ಜನ ಎಂದು ಬರೆಯುತ್ತಿದ್ದೇನೆ.

ಭವತು ಸಬ್ಬ ಮಂಗಲಂ.
ಜೈ ಭೀಮ್. ನಮೋ ಬುದ್ಧಾಯ.