ಕೃತಕ ಮಾನವನೂ ಕಾಶೀಮರಣವೂ

ಕಾಶಿಯಲ್ಲಿ ಪ್ರಾಣಬಿಡುವುದು ಕ್ಷುದ್ರಕೀಟವೇ ಆಗಿರಲಿ, ಅದರ ಕಿವಿಯಲ್ಲಿ ವಿಶ್ವನಾಥನು ತಾರಕಮಂತ್ರವನ್ನುಪದೇಶಿಸುವನೆಂಬ ನಂಬಿಕೆಯಲ್ಲಿ ಬೆಳೆದವನಿಗೆ, ರಿಡ್ಲಿ ಸ್ಕಾಟನು ನಿರ್ದೇಶಿಸಿದ 1982ರ ‘ಬ್ಲೇಡ್ ರನ್ನರ್’ ಚಿತ್ರವನ್ನು ನೋಡುವಾಗ ಒಂದು ವಿಲಕ್ಷಣ ಪ್ರಶ್ನೆ ಏಳದಿರದು: ಮನುಷ್ಯರ ಕೈಯಲ್ಲಿ ನಿರ್ಮಿತನಾಗಿ, ನಾಲ್ಕೇ ವರ್ಷಗಳ ಆಯುಸ್ಸನ್ನು ಪಡೆದು ಬಂದ ರಾಯ್ ಬ್ಯಾಟಿಯು ಕಾಶಿಯ ಮಣಿಕರ್ಣಿಕಾ ಘಟ್ಟದ ಸೋಪಾನದ ಮೇಲೆ ಸತ್ತಿದ್ದರೆ ಆ ಉಪದೇಶಕ್ಕೆ ಅರ್ಹನಾಗುತ್ತಿದ್ದನೆ?

ಗರ್ಭವಾಸವಿಲ್ಲದ್ದೇ ಅಡ್ಡಿಯೆನ್ನುವಂತಿಲ್ಲ, ನೇಗಿಲ ಗೆರೆಯಲ್ಲಿ ದೊರೆತ ಸೀತೆಯನ್ನೂ, ಯಜ್ಞಕುಂಡದಿಂದೆದ್ದ ದ್ರೌಪದಿಯನ್ನೂ ಅಯೋನಿಜೆಯರೆಂದು ಪೂಜಿಸುವವರು ನಾವು. ಚಿತ್ರದಲ್ಲಿ ಬ್ಯಾಟಿಯಂತೆಯೇ ನಿರ್ಮಿತಳಾದ ರೇಚಲಳ ಬಾಲ್ಯಸ್ಮರಣೆಗಳು ಪರರಿಂದ ಎರವಲು ತಂದವೆಂಬುದು ನಿಜವಾದರೂ, ಸ್ಮೃತಿಯು ಅಂತಃಕರಣದ ಧರ್ಮವೇ ಹೊರತು ಆತ್ಮನದಲ್ಲವೆಂದು ಅದ್ವೈತಿಗಳು ಸಾರುವುದರಿಂದ ಅದೂ ದೊಡ್ಡ ಆಕ್ಷೇಪವಾಗಲಾರದು. ತೊಡಕಿರುವುದು ಕರ್ಮದಲ್ಲಿ: ಪೂರ್ವಜನ್ಮವೇ ಇಲ್ಲದವನಿಗೆ ಸಂಚಿತವೆಲ್ಲಿಯದು, ಸಂಚಿತವಿಲ್ಲದವನಿಗೆ ಬಿಡುಗಡೆ ಯಾವುದರಿಂದ?

ನನಗಾದರೋ, ಸೆಟೆದುಕೊಳ್ಳುತ್ತಿದ್ದ ಅಂಗೈಗೆ ತಾನೇ ಮೊಳೆ ಚುಚ್ಚಿಕೊಂಡು ಕೆಲವು ಕ್ಷಣಗಳನ್ನು ಗಳಿಸಿಕೊಂಡ ಬ್ಯಾಟಿಯು, ತನ್ನನ್ನು ಕೊಲ್ಲಬಂದ ಡೆಕರ್ಡನನ್ನೇ ಮಳೆಯಲ್ಲಿ ಮಾಳಿಗೆಯಂಚಿನಿಂದ ಮೇಲೆತ್ತಿ ಬದುಕಿಸಿದ ಗಳಿಗೆಯಲ್ಲಿ, ಯಾವ ತಯಾರಕನೂ ತುಂಬಿಕೊಡದ ಸ್ವಂತ ಕರ್ಮವೊಂದನ್ನು ಸಂಪಾದಿಸಿದನೆಂದೇ ತೋರುತ್ತದೆ. ಅವನು ಮಾಡಿದ ಕೊಲೆಗಳ ಮಾತೇನೆಂದರೆ, ಅಂಥ ಲೆಕ್ಕ ತೀರಿಸಲು ಕಾಶಿಯಲ್ಲಿ ಕಾಲಭೈರವನ ಯಾತನೆ ಇದ್ದೇ ಇದೆ.